ಕೈಲಾಸ–ಮಾನಸಸರೋವರ ಯಾತ್ರೆಗೆ ಪೂರ್ವಸಿದ್ಧತೆ

ಹಿಂದೂಗಳಿಗೂ ಬೌದ್ಧರಿಗೂ ಜೈನರಿಗೂ ಟಿಬೆಟ್ಟಿನ ಪ್ರಾಚೀನ ಬೊನ್ ಮತದವರಿಗೂ ಸಮಾನವಾಗಿ ಪವಿತ್ರವೆನಿಸಿದ ಕೈಲಾಸ ಪರ್ವತವು ಪಶ್ಚಿಮ ಟಿಬೆಟ್ಟಿನಲ್ಲಿದೆ. ಅದರ ಶಿಖರದ ಎತ್ತರ ಸಮುದ್ರಮಟ್ಟದಿಂದ 6,638 ಮೀಟರು. ಪರ್ವತದ ದಕ್ಷಿಣಕ್ಕಿರುವ ಮಾನಸಸರೋವರದ ನೀರಿನ ಮಟ್ಟವೇ ಸುಮಾರು 4,590 ಮೀಟರು, ಅಂದರೆ 15,000 ಅಡಿಗಳಷ್ಟು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ 1,930 ಮೀಟರಿನಷ್ಟು ಎತ್ತರವಾಗಿದೆ. ಒಂದರ ಮೇಲೊಂದರಂತೆ ಎರಡು ಮುಳ್ಳಯ್ಯನಗಿರಿಗಳನ್ನು ಇರಿಸಿದರೂ ಅವು ಆ ಸರೋವರದ ದಡವನ್ನು ಮುಟ್ಟಲಾರವು. ಯಾತ್ರೆಗೆ ಹೊರಡಬಯಸುವವರು ಮೊದಲಿಗೆ ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿ ಇದು.

ಭಾರತ ಸರ್ಕಾರದ ವಿದೇಶಾಂಗ ವ್ಯವಹಾರಗಳ ಸಚಿವಾಲಯವು 1981ರಲ್ಲಿ ಈ ಯಾತ್ರೆಯನ್ನು ಏರ್ಪಡಿಸಲು ಆರಂಭಿಸಿತು. ಆಗ ಇದ್ದುದು ಕುಮಾವೂಁ ಪ್ರದೇಶದ ಲಿಪುಲೇಖ ಘಾಟಿಯ ಮಾರ್ಗವೊಂದೇ. 2015ರಲ್ಲಿ ಸಿಕ್ಕಿಮಿನ ನಾಥು ಲಾ ಮಾರ್ಗವೂ ತೆರೆಯಿತು. ಟಿಬೆಟ್ಟಿನ ಭಾಷೆಯಲ್ಲಿ ‘ಲಾ’ ಎಂದರೆ ಘಾಟಿಯೇ ಆದುದರಿಂದ ‘ನಾಥು ಲಾ ಘಾಟಿ’ ಎನ್ನುವ ಅಗತ್ಯವಿಲ್ಲ. 2020ರಿಂದ 2024ರವರೆಗೆ ಯಾತ್ರೆ ನಡೆಯಲಿಲ್ಲ. 2025ರ ಜೂನ್ ತಿಂಗಳಿನಲ್ಲಿ ಅದು ಪುನರಾರಂಭಗೊಂಡಿತು. ಆ ವರ್ಷ ಲಿಪುಲೇಖದ ಮೂಲಕ 5 ತಂಡಗಳಿಗೂ ನಾಥು ಲಾ ಮೂಲಕ 10 ತಂಡಗಳಿಗೂ ಅವಕಾಶವಿತ್ತು. ತಂಡವೊಂದಕ್ಕೆ 50 ಮಂದಿಯಂತೆ ಒಟ್ಟು 750 ಸ್ಥಾನಗಳು. ಅರ್ಜಿದಾರರು 18 ವರ್ಷ ತುಂಬಿದವರೂ 70 ವರ್ಷ ಮೀರದವರೂ ಆಗಿರಬೇಕು. ಎತ್ತರಕ್ಕೆ ತಕ್ಕ ದೇಹತೂಕವನ್ನು ಸೂಚಿಸುವ ಬಿ.ಎಂ.ಐ. ಅಂಕ 25ನ್ನು ಮೀರಿರಬಾರದು.

ದಾರಿ ಕಿರಿದಾಯಿತು, ಎತ್ತರ ಉಳಿಯಿತು

ಹಿಂದೆ ಲಿಪುಲೇಖ ಮಾರ್ಗದ ಯಾತ್ರಿಕರು ಧಾರಚೂಲಾದ ಆಚೆಗೆ ರಸ್ತೆ ಮುಗಿಯುವಲ್ಲಿಂದ ಕಾಳಿ ನದಿಯ ಕೊಳ್ಳದಲ್ಲಿ ಹಲವು ದಿನ ನಡೆದು ಗಡಿಯನ್ನು ತಲಪುತ್ತಿದ್ದರು. 2020ರ ಮೇ ತಿಂಗಳಿನಲ್ಲಿ ಲಿಪುಲೇಖದ ಕಡೆಗಿನ ರಸ್ತೆಯ ಉದ್ಘಾಟನೆಯಾದ ನಂತರ ಈ ನಡಿಗೆಯ ಬಹುಭಾಗವನ್ನು ವಾಹನ ಕ್ರಮಿಸುತ್ತದೆ. ಇದರಿಂದ ವಯಸ್ಸಾದವರಿಗೆ, ಮಂಡಿನೋವಿನವರಿಗೆ ಉಂಟಾಗಿರುವ ಅನುಕೂಲ ಸಣ್ಣದಲ್ಲ. ಹಳೆಯ ದಾರಿಯೇ ಸುರಕ್ಷಿತವಾಗಿತ್ತೆಂದು ಹಂಬಲಿಸುವುದಕ್ಕೂ ಕಾರಣವಿಲ್ಲ. 1998ರ ಆಗಸ್ಟಿನಲ್ಲಿ ಆ ದಾರಿಯ ಮಾಲ್ಪಾ ಎಂಬಲ್ಲಿ ಗುಡ್ಡ ಕುಸಿದು, ಬೀಡುಬಿಟ್ಟಿದ್ದ ಯಾತ್ರಿಕರೂ ಸೇರಿದಂತೆ ಇನ್ನೂರಕ್ಕೂ ಹೆಚ್ಚು ಮಂದಿ ಅಸುನೀಗಿದರು.

ಆದರೆ ಆ ಹಳೆಯ ನಡಿಗೆಯಲ್ಲಿ ಯಾರೂ ಬೇಡದೆಯೇ ದೊರೆಯುತ್ತಿದ್ದ ಒಂದು ಲಾಭವಿತ್ತು. ದಿನಕ್ಕೆ ಕೆಲವು ಮೈಲಿ ಮಾತ್ರ ಸಾಗುತ್ತಿದ್ದ ಶರೀರವು, ಹೆಜ್ಜೆಹೆಜ್ಜೆಗೂ ತೆಳುವಾಗುತ್ತಿದ್ದ ಗಾಳಿಗೆ ತಾನಾಗಿಯೇ ಒಗ್ಗಿಕೊಳ್ಳುತ್ತಿತ್ತು. ಈಗ ಒಂದು ಸಾವಿರ ಮೀಟರಿಗಿಂತ ಕೆಳಗಿರುವ ಧಾರಚೂಲಾದಿಂದ ಬೆಳಗ್ಗೆ ಹೊರಟ ವಾಹನವು ಅದೇ ದಿನ 3,200 ಮೀಟರಿನ ಆಸುಪಾಸಿನಲ್ಲಿರುವ ಗುಂಜಿಗೆ ತಂದು ಇಳಿಸಬಲ್ಲದು. ಮುಂದಿನ ಲಿಪುಲೇಖದ ಎತ್ತರ 5,000 ಮೀಟರಿಗೂ ಮಿಗಿಲು. ನೇಪಾಳದ ಮೂಲಕ ಖಾಸಗಿ ಸಂಸ್ಥೆಗಳು ಕರೆದೊಯ್ಯುವ ದಾರಿಯಲ್ಲಂತೂ ಬಯಲುಸೀಮೆಯ ನೇಪಾಳಗಂಜಿನಿಂದ ಸಿಮಿಕೋಟ್‌ಗೆ ವಿಮಾನ, ಅಲ್ಲಿಂದ ಗಡಿಯ ಹಿಲ್ಸಾಕ್ಕೆ ಹೆಲಿಕಾಪ್ಟರು. ಚೆನ್ನೈ ಅಥವಾ ಮುಂಬಯಿಯ ಕಡಲತೀರದ ಮನೆಯಿಂದ ಹೊರಟವರು ಕೆಲವೇ ದಿನಗಳಲ್ಲಿ ಟಿಬೆಟ್ಟಿನಲ್ಲಿರುತ್ತಾರೆ.

ನಡಿಗೆಯು ಕೊಡುತ್ತಿದ್ದ ಕಾಲಾವಕಾಶವನ್ನು ಈಗ ಯಾತ್ರಿಕರೇ ಕೇಳಿ ಪಡೆಯಬೇಕಾಗಿದೆ. ಸಚಿವಾಲಯದ ಕಾರ್ಯಕ್ರಮದಲ್ಲಿ ಇದಕ್ಕಾಗಿಯೇ ನಿಲುಗಡೆಯ ದಿನಗಳನ್ನು ಸೇರಿಸಲಾಗಿದೆ. ಅವು ವ್ಯರ್ಥವಾದ ದಿನಗಳೆಂದು ಗೊಣಗುವವರು ಪ್ರತಿ ತಂಡದಲ್ಲಿಯೂ ಇರುತ್ತಾರೆ. ಖಾಸಗಿಯಾಗಿ ಹೋಗುವವರು ಹಣ ಕಟ್ಟುವ ಮೊದಲು ‘ಎಷ್ಟು ದಿನದಲ್ಲಿ ಮುಗಿಯುತ್ತದೆ’ ಎಂದು ಕೇಳುವುದನ್ನು ಬಿಟ್ಟು ‘ಯಾವ ಎತ್ತರದಲ್ಲಿ ಎಷ್ಟು ರಾತ್ರಿ ತಂಗುತ್ತೇವೆ’ ಎಂದು ವಿಚಾರಿಸುವುದು ಒಳಿತು. 3,000 ಮೀಟರು ದಾಟಿದ ಮೇಲೆ ಮಲಗುವ ಸ್ಥಳದ ಎತ್ತರವನ್ನು ದಿನವೊಂದಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಏರದೆ ವಿಶ್ರಮಿಸಬೇಕು. ಇದು ವೈದ್ಯರು ಸಾಮಾನ್ಯವಾಗಿ ಹೇಳುವ ಸೂತ್ರ. ವಾಹನದ ದಾರಿಯಲ್ಲಿ ಇದನ್ನು ಅಕ್ಷರಶಃ ಪಾಲಿಸುವುದು ಕಷ್ಟ. ಆದುದರಿಂದಲೇ ದೊರೆತ ಪ್ರತಿಯೊಂದು ನಿಲುಗಡೆಯೂ ಅಮೂಲ್ಯ.

ಶರೀರ ಒಗ್ಗಿಕೊಳ್ಳುವ ಬಗೆ

ಎತ್ತರದಲ್ಲಿ ಗಾಳಿಯೊಳಗಿನ ಆಮ್ಲಜನಕದ ಪ್ರಮಾಣ ಕಡಿಮೆಯಾಗುತ್ತದೆಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ ಪ್ರಮಾಣವು ಎಲ್ಲೆಡೆಯೂ ಶೇಕಡಾ 21ರಷ್ಟೇ. ಕಡಿಮೆಯಾಗುವುದು ವಾಯುವಿನ ಒತ್ತಡ. ಮಾನಸಸರೋವರದ ದಡದಲ್ಲಿ ಅದು ಸಮುದ್ರತೀರದ ಒತ್ತಡದ ಐದರಲ್ಲಿ ಮೂರು ಭಾಗಕ್ಕೂ ತುಸು ಕಡಿಮೆ. ಕೈಲಾಸ ಪರಿಕ್ರಮದ ಅತ್ಯುನ್ನತ ಸ್ಥಳವಾದ 5,630 ಮೀಟರು ಎತ್ತರದ ಡೋಲ್ಮಾ ಲಾದಲ್ಲಿ ಸರಿಸುಮಾರು ಅರ್ಧ. ಅಲ್ಲಿ ನಾವು ಎಳೆದುಕೊಳ್ಳುವ ಪ್ರತಿ ಉಸಿರಿನಲ್ಲಿಯೂ ಊರಿನ ಅರ್ಧ ಉಸಿರಿನಷ್ಟೇ ಆಮ್ಲಜನಕವಿರುತ್ತದೆ.

ಈ ಕೊರತೆಯನ್ನು ತುಂಬಿಕೊಳ್ಳಲು ಶರೀರವು ತಾನಾಗಿಯೇ ಉಸಿರಾಟದ ವೇಗವನ್ನು ಹೆಚ್ಚಿಸುತ್ತದೆ. ವೇಗದ ಉಸಿರಾಟದಿಂದ ರಕ್ತದಲ್ಲಿನ ಇಂಗಾಲಾಮ್ಲವು ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಆಗ ಮಿದುಳು ‘ಇನ್ನು ಸಾಕು’ ಎಂಬಂತೆ ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ಮೂತ್ರಪಿಂಡಗಳು ಹೆಚ್ಚಾದ ಕ್ಷಾರವನ್ನು ಹೊರಹಾಕಿ ಈ ಕಡಿವಾಣವನ್ನು ಸಡಿಲಿಸಬೇಕು. ಅದಕ್ಕೆ ಕೆಲವು ದಿನಗಳು ಬೇಕಾಗುತ್ತವೆ. ಅಸಿಟಜೋಲಮೈಡ್ ಎಂಬ ಮಾತ್ರೆ ಈ ಕೆಲಸವನ್ನೇ ಶೀಘ್ರಗೊಳಿಸುತ್ತದೆ. ಸಲ್ಫಾ ಔಷಧಿಗಳು ಒಗ್ಗದವರು, ಮೂತ್ರಪಿಂಡದ ತೊಂದರೆಯುಳ್ಳವರು ಅದನ್ನು ಸ್ವಂತ ನಿರ್ಧಾರದಿಂದ ಸೇವಿಸಬಾರದು. ಉಳಿದವರೂ ಹೊರಡುವ ಮುನ್ನ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳತಕ್ಕದ್ದು. ಕರ್ಪೂರವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಮೂಸುವ ಪದ್ಧತಿ ಯಾತ್ರಿಕರಲ್ಲಿ ವ್ಯಾಪಕವಾಗಿದೆ. ಅದರಿಂದ ಮೂಗು ತೆರೆದಂತೆನಿಸಬಹುದೇ ಹೊರತು ರಕ್ತದ ಆಮ್ಲಜನಕ ಹೆಚ್ಚುವುದಿಲ್ಲ.

ಮೊದಲ ರಾತ್ರಿಗಳಲ್ಲಿ ನಿದ್ರೆಯ ನಡುವೆ ಉಸಿರು ಕೆಲ ಕ್ಷಣ ನಿಂತಂತಾಗಿ, ಏದುಸಿರಿನೊಂದಿಗೆ ಎಚ್ಚರವಾಗುವುದುಂಟು. ಇದು ಭೀತಿಗೊಳಿಸುವಂತಹುದಾದರೂ ಸಾಮಾನ್ಯವಾಗಿ ಅಪಾಯಕಾರಿಯಲ್ಲ. ಆದರೆ ಇದಕ್ಕಾಗಿ ನಿದ್ರೆಯ ಮಾತ್ರೆ ನುಂಗುವುದು ಅಪಾಯಕಾರಿ, ಏಕೆಂದರೆ ಅಂತಹ ಹಲವು ಮಾತ್ರೆಗಳು ಉಸಿರಾಟವನ್ನು ಮತ್ತಷ್ಟು ಮಂದಗೊಳಿಸುತ್ತವೆ. ಮದ್ಯಪಾನಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಈಗ ಅನೇಕರು ಜೊತೆಯಲ್ಲಿ ಒಯ್ಯುತ್ತಾರೆ. ಪುಣೆಯಲ್ಲಿ ಅದು 85 ತೋರಿಸಿದರೆ ಆಸ್ಪತ್ರೆಗೆ ಧಾವಿಸಬೇಕು. ಕೈಲಾಸದ ಬುಡದಲ್ಲಿ, 4,600 ಮೀಟರಿನ ಸುಮಾರಿನಲ್ಲಿರುವ ದಾರ್ಚೆನ್ ಗ್ರಾಮದಲ್ಲಿ ಆರೋಗ್ಯವಂತರಿಗೂ ಅದೇ ಅಂಕ ಬರುವುದು ಅಪರೂಪವಲ್ಲ. ಅಂಕೆಯನ್ನು ನೋಡಿ ಹೆದರುವುದೂ ತಪ್ಪು, ತಲೆನೋವು ವಾಂತಿಗಳಿದ್ದರೂ ಅಂಕೆ ಚೆನ್ನಾಗಿದೆಯೆಂದು ಧೈರ್ಯ ತಾಳುವುದು ಅದಕ್ಕಿಂತ ದೊಡ್ಡ ತಪ್ಪು.

ಮುಚ್ಚಿಡಲಾಗದ ತಲೆನೋವು

ಪರ್ವತವ್ಯಾಧಿಯ ಆರಂಭ ಸಾಮಾನ್ಯವಾಗಿ ತಲೆನೋವಿನಿಂದ. ಜೊತೆಗೆ ಹಸಿವಿಲ್ಲದಿರುವುದು, ವಾಕರಿಕೆ, ತಲೆಸುತ್ತು, ಅತಿಯಾದ ಆಯಾಸ. ಈ ಹಂತದಲ್ಲಿ ಮೇಲೇರದೆ ಇದ್ದಲ್ಲಿಯೇ ವಿಶ್ರಮಿಸಿದರೆ ಬಹುತೇಕ ಜನ ಒಂದೆರಡು ದಿನಗಳಲ್ಲಿ ಸುಧಾರಿಸಿಕೊಳ್ಳುತ್ತಾರೆ. ಲಕ್ಷಣಗಳನ್ನು ಹೊತ್ತುಕೊಂಡೇ ಮೇಲೇರಿದಾಗ ಅಪಾಯ ಒದಗುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿದರೆ ಸುಮ್ಮನೆ ಕುಳಿತಾಗಲೂ ಏದುಸಿರು, ಕೆಮ್ಮು, ತುಟಿಗಳು ನೀಲಿಗಟ್ಟುವುದು, ಕೊನೆಗೆ ಕೆಂಪು ಬೆರೆತ ನೊರೆಯ ಕಫ ಕಾಣಿಸುತ್ತವೆ. ಮಿದುಳು ಬಾತುಕೊಂಡರೆ ರೋಗಿಯು ಕುಡಿದವನಂತೆ ತೂರಾಡುತ್ತಾನೆ, ಅಸಂಬದ್ಧವಾಗಿ ಮಾತನಾಡುತ್ತಾನೆ. ಶಂಕೆ ಬಂದಾಗ ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿಯನ್ನು ತಾಗಿಸುತ್ತ ನೇರ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಸಿ ನೋಡಬೇಕು. ನಡೆಯಲಾಗದಿದ್ದರೆ ಬೆಳಗಾಗಲೆಂದು ಕಾಯುವಂತಿಲ್ಲ. ಆಮ್ಲಜನಕ, ಔಷಧಿಗಳು ಸಹಾಯಕ ಮಾತ್ರ. ನಿಜವಾದ ಚಿಕಿತ್ಸೆ ಕೆಳಗಿಳಿಸುವುದು.

ಇಲ್ಲಿ ಟಿಬೆಟ್ಟಿನ ಭೂಸ್ವರೂಪವನ್ನು ಗಮನಿಸಬೇಕು. ನಮ್ಮ ಘಟ್ಟಗಳಲ್ಲಾಗಲೀ ಗಢವಾಲದ ಬೆಟ್ಟಗಳಲ್ಲಾಗಲೀ ಕೆಲ ಗಂಟೆ ಇಳಿದರೆ ಬಹಳಷ್ಟು ಕೆಳಗೆ ಬಂದಿರುತ್ತೇವೆ. ಟಿಬೆಟ್ಟು ಪ್ರಸ್ಥಭೂಮಿ. ದಾರ್ಚೆನ್‌ನಿಂದ ಎತ್ತ ನಡೆದರೂ ಮೈಲಿಗಟ್ಟಲೆ ಅದೇ ಎತ್ತರ. ಸಮೀಪದ ತಗ್ಗು ಎಂದರೆ ವಾಹನದಲ್ಲಿ ಹೋಗಬೇಕಾದ, ಸುಮಾರು 3,900 ಮೀಟರಿನ ತಕಲಾಕೋಟ್. ಪರಿಕ್ರಮದ ಎರಡನೆಯ ದಿನ ಡೋಲ್ಮಾ ಲಾದ ಏರಿನ ನಡುವೆ ಕುಸಿದವರನ್ನು ಅಲ್ಲಿಯವರೆಗೆ ತಲಪಿಸಲು ಮೊದಲು ಹೆಗಲಿನ ಮೇಲೋ ಕುದುರೆಯ ಮೇಲೋ ಹೊರಬೇಕು. ಹೆಲಿಕಾಪ್ಟರಿನ ಭರವಸೆಯೂ ಹವಾಮಾನವನ್ನು ಅವಲಂಬಿಸಿದೆ. 2018ರ ಜುಲೈಯಲ್ಲಿ ನೇಪಾಳದ ದಾರಿಯಲ್ಲಿ ಹವೆ ಕೆಟ್ಟು ಒಂದೂವರೆ ಸಾವಿರದಷ್ಟು ಭಾರತೀಯ ಯಾತ್ರಿಕರು ಸಿಮಿಕೋಟ್, ಹಿಲ್ಸಾ ಮತ್ತು ಟಿಬೆಟ್ಟಿನ ಕಡೆಗಳಲ್ಲಿ ಸಿಕ್ಕಿಬಿದ್ದಿದ್ದರು. ಅವರಲ್ಲಿ ಕರ್ನಾಟಕದವರೂ ಬಹುಮಂದಿ ಇದ್ದರು.

ಇಷ್ಟೆಲ್ಲ ತಿಳಿದವರೂ ತಲೆನೋವನ್ನು ಮುಚ್ಚಿಡುವುದೇಕೆ? ವರ್ಷಗಳಿಂದ ಕೂಡಿಟ್ಟ ಹಣ, ಚೀಟಿಯಲ್ಲಿ ಎದ್ದ ಹೆಸರು, ಇನ್ನೊಮ್ಮೆ ಬರಲಾಗದೆಂಬ ಆತಂಕ. ಇವು ಅರ್ಥವಾಗದ ಕಾರಣಗಳಲ್ಲ. ದೈಹಿಕವಾಗಿ ಗಟ್ಟಿಯಾದವರು, ತರುಣರು ತಮಗೇನೂ ಆಗದೆಂದು ಭಾವಿಸುವುದೂ ಉಂಟು. ವ್ಯಾಯಾಮದಿಂದ ಕಾಲುಗಳಿಗೆ ಶಕ್ತಿ ಬರುತ್ತದೆ, ಪರ್ವತವ್ಯಾಧಿಯಿಂದ ರಕ್ಷಣೆ ದೊರೆಯುವುದಿಲ್ಲ. ಗಟ್ಟಿಗರು ವೇಗವಾಗಿ ಏರುವುದರಿಂದ ಅವರೇ ಮೊದಲು ಮಲಗುವುದೂ ಇದೆ.

ಮನೆಯಲ್ಲಿ ಆಗಬೇಕಾದ ಕೆಲಸ

ಕಾಲಿನ ಶಕ್ತಿಯೂ ಬೇಕು, ಅದಕ್ಕೆ ಮೂರು ತಿಂಗಳಾದರೂ ಅಭ್ಯಾಸ ಬೇಕು. ಪುಣೆಯವರಿಗೆ ಸಿಂಹಗಡವಿದೆ, ಹೈದರಾಬಾದಿನವರಿಗೆ ಗೋಲ್ಕೊಂಡದ ಮೆಟ್ಟಿಲುಗಳಿವೆ, ಚೆನ್ನೈಯವರಿಗೆ ಪರಂಗಿಮಲೆಯ ಮೆಟ್ಟಿಲುಗಳಿವೆ. ಮುಂಬಯಿ, ದೆಹಲಿಯ ಬಹುಮಹಡಿ ಮನೆಗಳಲ್ಲಿರುವವರಿಗೆ ಲಿಫ್ಟನ್ನು ಮರೆತರೆ ಸಾಕು. ಐದಾರು ಕಿಲೋ ಭಾರದ ಚೀಲವನ್ನು ಬೆನ್ನಿಗೇರಿಸಿ, ಯಾತ್ರೆಯಲ್ಲಿ ತೊಡುವ ಬೂಟುಗಳಲ್ಲಿಯೇ ನಡೆಯಬೇಕು. ಹೊಸ ಬೂಟುಗಳನ್ನು ದೆಹಲಿಯಲ್ಲಿ ಕೊಂಡು ಮರುದಿನ ಹೊರಡುವವರ ಹಿಮ್ಮಡಿಗಳು ಗುಂಜಿಯನ್ನು ಮುಟ್ಟುವ ಮೊದಲೇ ಬೊಬ್ಬೆ ಎದ್ದಿರುತ್ತವೆ.

ಎತ್ತರದಲ್ಲಿ ಹಸಿವು ಇಂಗುತ್ತದೆ. ನೀರು ಕುದಿಯುವುದು ಸುಮಾರು 85 ಡಿಗ್ರಿಯಲ್ಲಿಯೇ ಆದುದರಿಂದ ಕುಕ್ಕರಿಲ್ಲದೆ ಬೇಳೆ ಬೇಯದು. ನಾಲಿಗೆಗೆ ಪರಿಚಿತವಾದ ಚಟ್ನಿಪುಡಿ, ಅವಲಕ್ಕಿ, ಶೇಂಗಾ ಚಿಕ್ಕಿಗಳು ಅಲ್ಲಿ ಔಷಧಿಯಷ್ಟೇ ಉಪಯುಕ್ತ. ಟಿಬೆಟ್ಟಿನವರ ತ್ಸಾಂಪಾ ಎಂಬುದು ಹುರಿದ ಜವೆಗೋಧಿಯ ಹಿಟ್ಟು, ನಮ್ಮ ಹುರಿಹಿಟ್ಟಿನ ಹತ್ತಿರದ ಬಂಧು, ಹಿಂಜರಿಯದೆ ತಿನ್ನಬಹುದು. ಮೂತ್ರ ತಿಳಿಬಣ್ಣದಲ್ಲಿರುವಷ್ಟು ನೀರು ಕುಡಿಯಬೇಕು. ಕಪ್ಪು ಕನ್ನಡಕ ಅಲಂಕಾರಕ್ಕಲ್ಲ, ಹಿಮದಿಂದ ಪ್ರತಿಫಲಿಸುವ ಬಿಸಿಲು ಕಣ್ಣನ್ನು ಸುಡುತ್ತದೆ. ರಕ್ತದೊತ್ತಡ, ಮಧುಮೇಹಗಳ ಔಷಧಿಯನ್ನು ಎರಡು ಪಾಲು ಮಾಡಿ ಒಂದನ್ನು ಕೈಚೀಲದಲ್ಲಿಯೇ ಇರಿಸಿಕೊಳ್ಳಬೇಕು. ಇನ್ಸುಲಿನ್ ಹೆಪ್ಪುಗಟ್ಟದಂತೆ ಮೈಗೆ ತಾಗುವಂತಿರಬೇಕು. ಗಡಿ ದಾಟಿದೊಡನೆ ಗಡಿಯಾರವನ್ನು ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಬೇಕು.

ಕೊನೆಯದಾಗಿ ಕಾಗದಪತ್ರಗಳು. ಸಚಿವಾಲಯದ ಮೂಲಕ ಹೋಗುವವರು ನಷ್ಟಭರ್ತಿ ಪತ್ರ, ತುರ್ತುಸ್ಥಿತಿಯಲ್ಲಿ ಹೆಲಿಕಾಪ್ಟರಿನಿಂದ ಸಾಗಿಸುವ ಬಗೆಗಿನ ಮುಚ್ಚಳಿಕೆ ಇವುಗಳ ಜೊತೆಗೆ, ಚೀನಾದ ಕಡೆಯಲ್ಲಿ ಮರಣ ಸಂಭವಿಸಿದಲ್ಲಿ ಶರೀರವನ್ನು ಅಲ್ಲಿಯೇ ದಹಿಸಲು ಒಪ್ಪಿಗೆಯ ಪತ್ರಕ್ಕೂ ಸಹಿ ಮಾಡಬೇಕಾಗುತ್ತದೆ. ಇಂತಹ ಕಾಗದಗಳನ್ನು ಭಾಷಾಂತರಿಸುವುದೇ ವೃತ್ತಿಯಾಗಿರುವ ಈ ಲೇಖಕನಿಗೂ ಆ ಒಂದು ವಾಕ್ಯವನ್ನು ಕನ್ನಡಕ್ಕೆ ತರುವಾಗ ಕೈ ತಡೆದದ್ದುಂಟು. ದೆಹಲಿಯ ಗಡಿಬಿಡಿಯಲ್ಲಿ, ಹತ್ತು ಸಹಿಗಳ ನಡುವೆ ಹನ್ನೊಂದನೆಯದಾಗಿ ಅದಕ್ಕೆ ಸಹಿ ಹಾಕಬಾರದು. ಹೊರಡುವ ಮೊದಲೇ ಮನೆಯವರೆದುರು ಅದನ್ನು ಓದಬೇಕು. ಪತಿ ಪತ್ನಿ ಇಬ್ಬರೂ ಹೋಗುವುದಾದರೆ, ಒಬ್ಬರಿಗೆ ಮುಂದೆ ಹೋಗಲಾಗದಿದ್ದಲ್ಲಿ ಇನ್ನೊಬ್ಬರು ಏನು ಮಾಡಬೇಕೆಂಬುದನ್ನು ಊಟದ ಮನೆಯಲ್ಲಿಯೇ ನಿಶ್ಚಯಿಸಿಕೊಳ್ಳಬೇಕು. ತೆಳುಗಾಳಿಯಲ್ಲಿ ದಣಿದ ಮಿದುಳು ಇಂತಹ ನಿರ್ಧಾರಕ್ಕೆ ತಕ್ಕುದಲ್ಲ. ಒಂಟಿಯಾಗಿ ಹೋಗುವವರು ತಂಡದಲ್ಲಿ ಒಬ್ಬರನ್ನು ಜೊತೆಗಾರರನ್ನಾಗಿ ಗೊತ್ತುಮಾಡಿಕೊಂಡು, ‘ನಾನು ಚೆನ್ನಾಗಿದ್ದೇನೆಂದು ಹೇಳಿದರೂ ನನ್ನ ನಡಿಗೆಯನ್ನು ನೋಡಿ’ ಎಂದು ಮೊದಲೇ ಕೇಳಿಕೊಳ್ಳಬಹುದು.

ಪರಿಕ್ರಮದ ಸುಮಾರು 52 ಕಿಲೋಮೀಟರು ದೂರವನ್ನು ಎಲ್ಲರೂ ನಡೆಯಲೇಬೇಕೆಂಬ ನಿಯಮವಿಲ್ಲ. ವೈದ್ಯರು ಬೇಡವೆಂದವರು, ತಮಗೆ ಸಾಧ್ಯವಿಲ್ಲವೆಂದು ಕಂಡುಕೊಂಡವರು ದಾರ್ಚೆನ್‌ನಲ್ಲಿಯೇ ಉಳಿಯುತ್ತಾರೆ. ಆಕಾಶ ತಿಳಿಯಾಗಿದ್ದರೆ ಕೈಲಾಸದ ದಕ್ಷಿಣ ಮುಖ ಆ ಸೀಮೆಯಿಂದಲೇ ಕಾಣುತ್ತದೆ. ನಡೆಯಲು ಹೋದವರು ಮೂರನೆಯ ದಿನ ಹಿಂತಿರುಗುತ್ತಾರೆ. ಅಷ್ಟರವರೆಗೆ ಉಳಿದವರಿಗೆ ಬೇಕಾಗುವ ಔಷಧಿ, ಬೆಚ್ಚನೆಯ ಬಟ್ಟೆ, ಸ್ವಲ್ಪ ಚೀನೀ ಹಣ ಮತ್ತು ತಿನಿಸುಗಳನ್ನು ನಡೆಯುವವರ ಚೀಲದಿಂದ ಹಿಂದಿನ ರಾತ್ರಿಯೇ ಬೇರ್ಪಡಿಸಿ ಇರಿಸತಕ್ಕದ್ದು.