ಮೆರಾಪಿ: ಬೆಂಕಿಯ ಬೆಟ್ಟ, ಕುರಿಯ ಹೆಸರು

‘ಜ್ವಾಲಾಮುಖಿ’ ಬಹುವ್ರೀಹಿ ಸಮಾಸ: ಜ್ವಾಲೆಯನ್ನು ಮುಖದಲ್ಲಿ ಉಳ್ಳದ್ದು. ‘ಲಾವಾರಸ’ದಲ್ಲಿ ಇಟಲಿಯ ‘ಲಾವಾ’ ಸಂಸ್ಕೃತದ ‘ರಸ’ದೊಡನೆ ಕೂಡಿದೆ, ಆ ಬೆರಕೆಯನ್ನು ನಾವಾರೂ ದೋಷವೆಂದು ಎಣಿಸುವುದಿಲ್ಲ. ಎರಡೂ ದೂರದಿಂದ ನೋಡಿದವರ ಪದಗಳು. ಬೆಟ್ಟದ ಬುಡದಲ್ಲೇ ಬಾಳುವವರ ನುಡಿ ಬೇರೆ ಬಗೆಯದು.

ಜಾವಾ ದ್ವೀಪದ ಯೋಗ್ಯಕರ್ತ ನಗರದ ಉತ್ತರಕ್ಕೆ, 2,900 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಮೆರಾಪಿ ನಿಂತಿದೆ. ‘ಆಪಿ’ ಎಂದರೆ ಬೆಂಕಿ. ಪದದ ಮೊದಲ ಭಾಗದಲ್ಲಿ ನಮ್ಮ ‘ಮೇರು’ವನ್ನು ಕಾಣುವವರುಂಟು. ಈ ಬೆಟ್ಟದ ಲಾವಾರಸ ಮಂದವಾದುದು. ಅದು ದೂರ ಹರಿಯದೆ ಶಿಖರದಲ್ಲಿಯೇ ಗುಮ್ಮಟದಂತೆ ಬೆಳೆಯುತ್ತದೆ. ಗುಮ್ಮಟ ಕುಸಿದಾಗ ಅನಿಲ, ಬೂದಿ, ಕಲ್ಲುಗಳು ಒಂದಾಗಿ, ನೂರಾರು ಡಿಗ್ರಿ ತಾಪದ ಮೋಡವಾಗಿ, ಗಂಟೆಗೆ 100 ಕಿ.ಮೀ. ಮೀರಿದ ವೇಗದಲ್ಲಿ ಕಣಿವೆಗಿಳಿಯುತ್ತವೆ. ಜಾವಾದ ಜನ ಇದನ್ನು ‘ವೆಧುಸ್ ಗೆಂಬೆಲ್’ ಎನ್ನುತ್ತಾರೆ. ಅಂದರೆ ಜಡೆಗಟ್ಟಿದ ಉಣ್ಣೆಯ ಕುರಿ. ಉಪಮೇಯವನ್ನು ಉಪಮಾನವು ಸಂಪೂರ್ಣವಾಗಿ ನುಂಗಿರುವುದರಿಂದ ಅಲಂಕಾರಶಾಸ್ತ್ರದ ಕಣ್ಣಿಗೆ ಇದು ರೂಪಕಾತಿಶಯೋಕ್ತಿ. ಆದರೆ ಆಡುವವರಿಗೆ ಇದು ಅಲಂಕಾರವಲ್ಲ, ಎಚ್ಚರಿಕೆಯ ಕೂಗು.

ಬೂದಿಯಿಂದ ಫಲವತ್ತಾದ ನೆಲ, ದನಗಳಿಗೆ ಹುಲ್ಲು, ಮಾರಲು ಮರಳು: ಇಷ್ಟನ್ನು ಕೊಡುವ ಬೆಟ್ಟವನ್ನು ಬಿಟ್ಟುಹೋಗುವುದು ಸುಲಭವಲ್ಲ. 1982ರಲ್ಲಿ ಯೋಗ್ಯಕರ್ತದ ಸುಲ್ತಾನರು ಮರಿಜಾನ್ ಎಂಬವರನ್ನು ಮೆರಾಪಿಯ ‘ಕೀಲಿಕೈ ಪಾಲಕ’ರಾಗಿ ನೇಮಿಸಿದರು. ಜನ ಅವರನ್ನು ‘ಮ್ಬಾ’ ಎಂದು, ನಾವು ‘ಅಜ್ಜ’ ಎನ್ನುವಂತೆ, ಕರೆಯುತ್ತಿದ್ದರು. ಬೆಟ್ಟಕ್ಕೆ ಅರಮನೆಯ ಕಾಣಿಕೆ ಸಲ್ಲಿಸುವುದು ಅವರ ಕರ್ತವ್ಯ. 2006ರಲ್ಲಿ ಸ್ಥಳಾಂತರದ ಆಜ್ಞೆ ಬಂದಾಗ ಅವರು ಕದಲಲಿಲ್ಲ. ಮೋಡ ಬೇರೆ ದಿಕ್ಕಿಗೆ ಇಳಿಯಿತು, ಅಜ್ಜನ ಕೀರ್ತಿ ದೇಶದ ತುಂಬ ಹಬ್ಬಿತು. 2010ರ ಅಕ್ಟೋಬರ್ 25ರಂದು ವಿಜ್ಞಾನಿಗಳು ಅತ್ಯುನ್ನತ ಮಟ್ಟದ ಎಚ್ಚರಿಕೆ ನೀಡಿದರು. ಮರುದಿನ ಸಂಜೆ ಮೋಡವು ಕಿನಾಹ್ರೆಜೋ ಊರಿನ ಮೇಲೆಯೇ ಬಂದಿತು. ಅಜ್ಜನೂ, ಊರಲ್ಲಿ ಉಳಿದಿದ್ದ ಹಲವರೂ ಮಡಿದರು. ಆ ವರ್ಷದ ಸ್ಫೋಟಗಳಲ್ಲಿ ಸತ್ತವರು 350ಕ್ಕೂ ಹೆಚ್ಚು. ಸಕಾಲದಲ್ಲಿ ಊರು ಬಿಟ್ಟು ಬದುಕಿದವರು ಸಾವಿರಾರು.

ಅಜ್ಜನನ್ನು ಮೂಢನೆಂದು ತಳ್ಳಿಹಾಕುವ ಬರಹಗಳು ನನಗೆ ಒಪ್ಪಿಗೆಯಾಗುವುದಿಲ್ಲ. ಕರ್ತವ್ಯವೆಂದು ಉಳಿದವರು ಅವರು. ಆದರೆ ಅವರ ನಿಷ್ಠೆಯನ್ನೇ ಸುರಕ್ಷತೆಯ ಪ್ರಮಾಣವೆಂದು ನಂಬಿ ನಿಂತವರ ಪ್ರಶ್ನೆ ಹಾಗೆ ಬಗೆಹರಿಯದು.

ಏರುವವರ ಲೆಕ್ಕ ಇನ್ನೊಂದು. ನಡುರಾತ್ರಿ ಸೆಲೋ ಊರಿನಿಂದ ಹೊರಟು ಸೂರ್ಯೋದಯಕ್ಕೆ ಮೆರಾಪಿಯ ತುದಿ ಮುಟ್ಟುವ ಚಾರಣ 2018ರಲ್ಲಿ ನಿಂತಿತು. ಸುಮಾತ್ರದ ಮರಾಪಿ (ಹೆಸರು ಹತ್ತಿರ, ಬೆಟ್ಟ ಬೇರೆ) 2023ರ ಡಿಸೆಂಬರ್ 3ರಂದು ಸಿಡಿದಾಗ 24 ಚಾರಣಿಗರು ಸತ್ತರು. ಕುಂಡದಿಂದ 3 ಕಿ.ಮೀ. ದೂರವಿರಬೇಕೆಂಬ ಸೂಚನೆ ಮೊದಲೇ ಇತ್ತು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ವಿದ್ಯಾರ್ಥಿಗಳು ತಮ್ಮ ಕಾಲಡಿಯ ಕರಿಗಲ್ಲನ್ನು ಗಮನಿಸಬಹುದು. ಅದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ. ಎರೆಮಣ್ಣು ಅದರ ಮಗಳು.

ಅಭ್ಯಾಸ: ನಿಮ್ಮ ಊರಿನ ಹಿರಿಯರು ಮಳೆ, ಸಿಡಿಲು, ಬಿರುಗಾಳಿ, ರೋಗಗಳನ್ನು ಪ್ರಾಣಿ ಅಥವಾ ಬಂಧುವಿನ ಹೆಸರಿನಿಂದ ಕರೆಯುವ ಮಾತುಗಳಿದ್ದರೆ ಸಂಗ್ರಹಿಸಿ, ಅವು ಯಾವ ಸಂದರ್ಭದಲ್ಲಿ ಬಳಕೆಯಾಗುತ್ತವೆ ಎಂಬುದನ್ನೂ ಬರೆಯಿರಿ.