ಬಿಡುವಿನ ವೇಳೆಯ ಲೆಕ್ಕ: ಹಾಕಿ ಕೋಲು, ಕ್ಯಾಮೆರಾ ಮತ್ತು ಮನೆ



ಕುಟುಂಬದ ಕ್ಷೇಮವೆಂದರೆ ಚುಚ್ಚುಮದ್ದು, ಔಷಧಿ, ಪೌಷ್ಟಿಕ ಆಹಾರ ಇಷ್ಟೇ ಎಂದು ಭಾವಿಸುವುದು ವಾಡಿಕೆಯಾಗಿದೆ. ದುಡಿಮೆ ಮುಗಿದ ಮೇಲೆ ಉಳಿಯುವ ಅಲ್ಪ ವೇಳೆಯನ್ನು ಗಂಡಹೆಂಡಿರು ಯಾವ ರೀತಿ ಹಂಚಿಕೊಳ್ಳುತ್ತಾರೆ ಎಂಬುದೂ ಆ ಕ್ಷೇಮಕ್ಕೆ ಸೇರಿದ ವಿಷಯವೇ. ಈ ಪಾಠದಲ್ಲಿ ಅದನ್ನು ಎರಡು ಹವ್ಯಾಸಗಳ ಮೂಲಕ ವಿಚಾರ ಮಾಡೋಣ. ಒಂದು ಹಾಕಿ ಆಟ. ಇನ್ನೊಂದು ರೀಲಿನ ಕ್ಯಾಮೆರಾದಿಂದ ಚಿತ್ರ ತೆಗೆಯುವ ಹಳೆಯ ಪದ್ಧತಿಯ ಛಾಯಾಗ್ರಹಣ. ಇವೆರಡೂ ನನ್ನ ಹವ್ಯಾಸಗಳಾದುದರಿಂದ ಇವುಗಳಿಂದಾದ ತಪ್ಪುಗಳೂ ನನ್ನವೇ. ನಿಮ್ಮ ಮನೆಯಲ್ಲಿ ಹಾಕಿಯ ಸ್ಥಾನದಲ್ಲಿ ಕಬಡ್ಡಿಯೋ ವಾಲಿಬಾಲೋ, ಕ್ಯಾಮೆರಾದ ಸ್ಥಾನದಲ್ಲಿ ಭಜನೆಯೋ ಕೋಲಾಟವೋ ಇರಬಹುದು. ಲೆಕ್ಕ ಮಾತ್ರ ಒಂದೇ.

ಒಮ್ಮೆ ಮೋರಖಂಡಿಯಲ್ಲಿ ರಕ್ತದೊತ್ತಡದ ತಪಾಸಣೆ ಮುಗಿಸಿ ಹೊರಟಿದ್ದೆ. ನನ್ನ ಮೋಟಾರು ಸೈಕಲ್ಲಿನ ಒಂದು ಬದಿಗೆ ಹಾಕಿ ಕೋಲಿನ ಚೀಲ, ಇನ್ನೊಂದು ಬದಿಗೆ ಕ್ಯಾಮೆರಾದ ಚೀಲ. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಎರಡನ್ನೂ ನೋಡಿ, “ಡಾಕ್ಟರ್ ಸಾಹೇಬ್ರ, ಮನಿ ಯಾವ ಚೀಲದಾಗ ಅದ್ರಿ?” ಎಂದು ಕೇಳಿದರು. ಸುತ್ತಲಿದ್ದವರು ನಕ್ಕರು. ನಾನೂ ನಕ್ಕು ಗಾಡಿ ಚಾಲೂ ಮಾಡಿದೆ. ಉತ್ತರ ಮಾತ್ರ ಹೊಳೆಯಲಿಲ್ಲ.

ಮೊದಲು ಈ ಹವ್ಯಾಸಗಳ ಗುಣವನ್ನು ಹೇಳಬೇಕು. ಗುಣವಿಲ್ಲದಿದ್ದರೆ ‘ಬಿಟ್ಟುಬಿಡಿ’ ಎಂಬ ಒಂದೇ ಮಾತಿನಲ್ಲಿ ಪಾಠ ಮುಗಿಯುತ್ತಿತ್ತು. ಮೊಬೈಲಿನಲ್ಲಿ ದಿನಕ್ಕೆ ನೂರು ಚಿತ್ರ ತೆಗೆದರೂ ಕೇಳುವವರಿಲ್ಲ. ಸಾಮಾನ್ಯ ರೀಲಿನಲ್ಲಾದರೋ ಇರುವುದು 36 ಚಿತ್ರಗಳು ಮಾತ್ರ. ನಮ್ಮ ತಂದೆಯವರ ಬಳಿ ಇದ್ದ, ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಕ್ಯಾಮೆರಾದಲ್ಲಿ 12 ಮಾತ್ರ. ಚಿತ್ರಗಳು ಮಿತವಾಗಿದ್ದಾಗ ಕಣ್ಣು ನಿಧಾನವಾಗುತ್ತದೆ, ಮನಸ್ಸು ಒಂದೆಡೆ ನಿಲ್ಲುತ್ತದೆ. ದಿನವಿಡೀ ರೋಗಿಗಳನ್ನು ನೋಡಿ ದಣಿದವನಿಗೆ ಇದು ದೊಡ್ಡ ವಿಶ್ರಾಂತಿ.

ನೋಡತಕ್ಕದ್ದಕ್ಕೆ ನಮ್ಮ ಸೀಮೆಯಲ್ಲಿ ಕೊರತೆಯಿಲ್ಲ. ರಾಷ್ಟ್ರಕೂಟರ ಶಾಸನಗಳಲ್ಲಿ ಬರುವ ಮಯೂರಖಂಡಿ ಇದೇ ಮೋರಖಂಡಿ ಎಂದು ಕೆಲವು ಇತಿಹಾಸಜ್ಞರು ಗುರುತಿಸುತ್ತಾರೆ. ಬಸವಕಲ್ಯಾಣದ ಕೋಟೆಯುಂಟು, ನಾರಾಯಣಪುರದ ಶಿವಾಲಯವುಂಟು. ಹುಮನಾಬಾದ ಕಡೆಯ ಜಲಸಂಗಿಯ ದೇವಾಲಯದ ಹೊರಗೋಡೆಯಲ್ಲಿ ಕಲ್ಲಿನ ಮೇಲೆ ಅಕ್ಷರ ಬರೆಯುತ್ತ ನಿಂತಿರುವ ಶಾಸನಸುಂದರಿಯ ವಿಗ್ರಹವಿದೆ. ಆಕೆ ಬರೆಯುತ್ತಿರುವುದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಪ್ರಶಂಸೆಯನ್ನು. ನಡುಹಗಲಿನ ಬಿಸಿಲಿನಲ್ಲಿ ಇಂತಹ ಕೆತ್ತನೆ ಚಪ್ಪಟೆಯಾಗಿ ತೋರುತ್ತದೆ. ಬೆಳಗಿನ ಓರೆಬಿಸಿಲು ಬಿದ್ದರೆ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಛಾಯಾಗ್ರಾಹಕನಿಗೆ ಬೆಳಗಿನ ತಾಸು ಏಕೆ ಅಷ್ಟು ಮುಖ್ಯವೆಂಬುದನ್ನು ಇದರಿಂದ ತಿಳಿಯಬಹುದು.

ವೈದ್ಯರಿಗೆ ಛಾಯಾಗ್ರಹಣ ದೂರದ ವಿಷಯವೂ ಅಲ್ಲ. ಮೈಸೂರಿನ ಟಿ. ಎಸ್. ಸತ್ಯನ್ ಅವರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನ ಕಾರ್ಯದ ಚಿತ್ರಗಳನ್ನು ತೆಗೆದರು. 1977ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಭಾರತವು ಸಿಡುಬಿನಿಂದ ಮುಕ್ತವಾಯಿತೆಂದು ದೃಢಪಟ್ಟದ್ದೂ ಅದೇ ವರ್ಷ.

ಇನ್ನು ಹಾಕಿ. ನಮ್ಮ ಬೀದರ್ ಜಿಲ್ಲೆಯಲ್ಲಿ ಕುಸ್ತಿ, ಕಬಡ್ಡಿ, ಕ್ರಿಕೆಟ್ಟುಗಳಿಗೆ ಇರುವಷ್ಟು ಬಳಕೆ ಹಾಕಿಗೆ ಇಲ್ಲ. ನನಗೆ ಇದನ್ನು ಕಲಿಸಿದವರು ವೈದ್ಯಕೀಯ ವಿದ್ಯಾರ್ಥಿನಿಲಯದಲ್ಲಿದ್ದ ಕೊಡಗಿನ ಗೆಳೆಯರು. ಅವರ ನಾಡಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪ ಎಂಬವರ ಪ್ರಯತ್ನದಿಂದ ಕರಡ ಗ್ರಾಮದಲ್ಲಿ ಕೌಟುಂಬಿಕ ಹಾಕಿ ಪಂದ್ಯಾವಳಿ ಆರಂಭವಾಯಿತು. ಒಂದೊಂದು ಮನೆತನಕ್ಕೆ ಒಂದೊಂದು ತಂಡ. ಮೊದಲ ವರ್ಷ 60 ಮನೆತನಗಳು ಆಡಿದವು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಮನೆತನಗಳು ಸೇರಿದವು. ಅಲ್ಲಿ ತಂದೆಯೂ ಮಗನೂ, ಗಂಡಸರೂ ಹೆಂಗಸರೂ ಒಂದೇ ತಂಡದಲ್ಲಿ ಆಡುವುದುಂಟು. ಒಬ್ಬನನ್ನು ಮನೆಯಿಂದ ಹೊರಗೆಳೆಯುವ ಆಟವೇ ಇಡೀ ಮನೆಯನ್ನು ಮೈದಾನಕ್ಕೆ ಕರೆತರಲೂ ಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಆರೋಗ್ಯದ ದೃಷ್ಟಿಯಿಂದ ಹಾಕಿ ತೀವ್ರ ಶ್ರಮದ ಆಟ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು, ಇಲ್ಲವೇ 75ರಿಂದ 150 ನಿಮಿಷಗಳ ತೀವ್ರ ಶ್ರಮವನ್ನು ಮಾಡತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವ ನನ್ನಂತಹವರಿಗೆ ಈ ಲೆಕ್ಕ ಅವಶ್ಯಕ. ದಿನವಿಡೀ ತೊಗರಿ ಹೊಲದಲ್ಲಿ ಕಳೆ ತೆಗೆಯುವ ತಾಯಂದಿರಿಗೆ ಇದನ್ನು ಬೋಧಿಸುವುದು ನಗೆಗೇಡು. ಅವರಿಗೆ ಬೇಕಾದುದು ವಿಶ್ರಾಂತಿ.

ಹೀಗೆ ಎರಡೂ ಒಳ್ಳೆಯವೇ. ತೊಡಕು ಇರುವುದು ಬೇರೆ ಕಡೆ. ನಮ್ಮ ಕಡೆಯ ಬಿಸಿಲಿನಲ್ಲಿ ಹಾಕಿಯನ್ನು ಬೆಳಿಗ್ಗೆ ಏಳೂವರೆಯ ಒಳಗೆ ಆಡಿ ಮುಗಿಸಬೇಕು. ಚಿತ್ರಕ್ಕೆ ಬೇಕಾದ ಓರೆಬಿಸಿಲೂ ಅದೇ ವೇಳೆಯದು. ನೀರು ತುಂಬುವುದು, ರೊಟ್ಟಿ ಬಡಿಯುವುದು, ಮಕ್ಕಳನ್ನು ಎಬ್ಬಿಸಿ ಮುಖ ತೊಳೆಸುವುದು ಕೂಡ ಅದೇ ವೇಳೆಯಲ್ಲಿ. ಮೂರಕ್ಕೂ ಬೇಕಾದುದು ಒಂದೇ ತಾಸು. ಅದರಲ್ಲಿ ಎರಡನ್ನು ಗಂಡನು ತನ್ನ ಸಂತೋಷಕ್ಕೆ ಆರಿಸಿಕೊಂಡರೆ ಮೂರನೆಯದು ಪೂರ್ಣವಾಗಿ ಯಾರ ಪಾಲಿಗೆ ಬೀಳುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಅದನ್ನು ಬಿಡಿಸಿ ಹೇಳಿದ್ದು ಒಂದು ಬಾಟಲಿ. ಒಂದು ಶನಿವಾರ ರಾತ್ರಿ ಬಚ್ಚಲುಮನೆಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ರೀಲು ತೊಳೆದೆ. ಮುಗಿಯುವಾಗ ಹನ್ನೆರಡು ಹೊಡೆದಿತ್ತು. ಬೆಳಿಗ್ಗೆ ಐದೂವರೆಗೆ ಹಾಕಿಗೆ ಹೊರಡಬೇಕೆಂಬ ಅವಸರದಲ್ಲಿ, ಉಳಿದ ಡೆವಲಪರ್ ದ್ರಾವಣವನ್ನು ಕೈಗೆ ಸಿಕ್ಕ ತಂಪು ಪಾನೀಯದ ಖಾಲಿ ಬಾಟಲಿಗೆ ಸುರಿದು ಅಡುಗೆಮನೆಯ ಹೊಸ್ತಿಲ ಬಳಿ ಇಟ್ಟು ಮಲಗಿದೆ. ಬಳಸಿದ ಡೆವಲಪರ್ ಗಾಳಿ ತಗುಲಿದಂತೆ ಚಹದ ಬಣ್ಣಕ್ಕೆ ತಿರುಗುತ್ತದೆ. ಬೆಳಿಗ್ಗೆ ನಾನು ಮೈದಾನಕ್ಕೆ ಹೋದೆ; ಆಟ ಮುಗಿದ ಮೇಲೆ ಬಿಸಿಲು ಚೆನ್ನಾಗಿದೆಯೆಂದು ಅಲ್ಲಿಂದಲೇ ಜಲಸಂಗಿಗೆ ಹೋದೆ. ಮಧ್ಯಾಹ್ನ ಒಂದಕ್ಕೆ ಮನೆಗೆ ಬಂದಾಗ ಆ ಬಾಟಲಿ ಊಟದ ಮೇಜಿನ ನಡುವೆ ನಿಂತಿತ್ತು. ನಾಲ್ಕು ವರ್ಷದ ಮಗಳು ಅದರ ಮುಚ್ಚಳ ತೆಗೆದು ಬಾಯಿಯ ಬಳಿ ತಂದಿದ್ದಳಂತೆ. ಹಿಟ್ಟಿನ ಕೈಯಲ್ಲೇ ಓಡಿಬಂದ ನನ್ನ ಪತ್ನಿ ಕಸಿದುಕೊಂಡಿದ್ದರು. ಒಂದು ಹನಿಯೂ ಒಳಗೆ ಹೋಗಿರಲಿಲ್ಲ.

“ಇದು ನಿಮ್ಮದೇನ್ರಿ?” ಎಂದಷ್ಟೇ ಕೇಳಿದರು.

ಸೀಮೆಎಣ್ಣೆ, ಕೀಟನಾಶಕ ಕುಡಿದ ಮಕ್ಕಳನ್ನು ಆಸ್ಪತ್ರೆಗೆ ತಂದ ಎಷ್ಟೋ ತಂದೆಯರಿಗೆ, ಇಂಥದನ್ನು ಪಾನೀಯದ ಬಾಟಲಿಯಲ್ಲಿ ಇಟ್ಟವರಾರು ಎಂದು ಗದರಿಸಿದ ವೈದ್ಯ ನಾನು.

ಅಂದು ರಾತ್ರಿ ಔಷಧ ಚೀಟಿಯ ಹಿಂಬದಿಯಲ್ಲಿ ಇಬ್ಬರೂ ಕುಳಿತು ವಾರದ ಲೆಕ್ಕ ಬರೆದೆವು. ಭಾನುವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಏಳೂವರೆ ತಾಸು, ಬುಧವಾರ ಸಂಜೆಯ ಆಟಕ್ಕೆ ಎರಡು ತಾಸು, ಶನಿವಾರ ರಾತ್ರಿಯ ತೊಳೆತಕ್ಕೆ ಮೂರು ತಾಸು: ನನ್ನ ಪಾಲು ಹನ್ನೆರಡೂವರೆ ತಾಸು. ಪತ್ನಿಯ ಪಾಲಿಗೆ ಬರೆಯಲು ಅವರು ಬಹಳ ಹೊತ್ತು ಯೋಚಿಸಿದರು. ಗುರುವಾರ ತವರಿಗೆ ಫೋನು ಮಾಡಿದ ಇಪ್ಪತ್ತು ನಿಮಿಷ ನೆನಪಾಯಿತು. ಅವರೂ ಶಾಲೆಯಲ್ಲಿ ಪಾಠ ಹೇಳುವವರು; ಮನೆಗೆ ಬಂದ ಮೇಲೆ ಅವರಿಗೆ ಎರಡನೆಯ ಪಾಳಿ ಶುರುವಾಗುತ್ತದೆ. ನಾನು ಉದಾರವಾಗಿ, ನೀವೂ ಒಂದು ಹವ್ಯಾಸ ಇಟ್ಟುಕೊಳ್ಳಿ, ಕ್ಯಾಮೆರಾ ಕಲಿಸುತ್ತೇನೆ ಎಂದೆ. “ನನಗ ಹವ್ಯಾಸ ಬ್ಯಾಡ್ರಿ. ಭಾನುವಾರ ಮಧ್ಯಾಹ್ನ ಎರಡು ತಾಸು ಯಾರೂ ಎಬ್ಬಿಸದ ನಿದ್ದಿ ಬೇಕು” ಎಂದರು.

ದಂಪತಿಗಳೇ, ನೀವೂ ಒಮ್ಮೆ ಹೀಗೆ ಬರೆದು ನೋಡಿರಿ. ಗಂಡನು ಹೆಂಡತಿಯ ಪಾಲನ್ನು ತಾನೇ ಊಹಿಸಿ ಬರೆಯಕೂಡದು. ಅವರ ಬಾಯಿಂದ ಕೇಳಿಯೇ ಬರೆಯಬೇಕು. ಹೆಂಡತಿಯೂ ‘ನನಗೇನು ಬೇಡ’ ಎಂದು ಲೆಕ್ಕವನ್ನು ಮುಚ್ಚಿಬಿಡಬಾರದು.

ನಮ್ಮ ಮನೆಯಲ್ಲಿ ಆದ ಏರ್ಪಾಡು ಹೀಗಿದೆ. ಬುಧವಾರದ ಆಟ ಒಂದು ತಾಸಿಗೆ ಇಳಿಯಿತು. ಮೊದಲನೆಯ ಮತ್ತು ಮೂರನೆಯ ಭಾನುವಾರ ಹಾಕಿ, ಎರಡನೆಯ ಭಾನುವಾರ ಕ್ಯಾಮೆರಾ, ಉಳಿದ ಭಾನುವಾರ ಎರಡೂ ಇಲ್ಲ. ಹೋದ ದಿನ ಎಂಟು ಗಂಟೆಯೊಳಗೆ ಮನೆ ಸೇರಬೇಕು. ಪ್ರತಿ ಭಾನುವಾರ ಮಧ್ಯಾಹ್ನ ಎರಡು ತಾಸು ಮಗಳೂ ಅಡುಗೆಮನೆಯೂ ನನ್ನ ವಶ. ಹಾಕಿಯಲ್ಲಿ ಆಟಗಾರರನ್ನು ಎಷ್ಟು ಸಲವಾದರೂ ಬದಲಿಸಬಹುದು, ಹೊರಬಂದವನು ಮತ್ತೆ ಒಳಹೋಗಬಹುದು. ಈ ನಿಯಮ ಮನೆಗೂ ಒಗ್ಗುತ್ತದೆ. ರೀಲು ತಿಂಗಳಿಗೆ ಒಂದೇ. ಬಣ್ಣದ ರೀಲಿನ ಬೆಲೆಯೂ ತೊಳೆಸುವ ಖರ್ಚೂ ಸೇರಿದರೆ ಎರಡು ಮೂರು ದಿನಗಳ ಕೂಲಿಯನ್ನು ನುಂಗುವುದರಿಂದ ಕಪ್ಪುಬಿಳುಪಿನ ರೀಲನ್ನೇ ಬಳಸುತ್ತೇನೆ.

ಋತುಮಾನವೂ ಹಂಚಿಕೆಗೆ ನೆರವಾಯಿತು. ಮಳೆಗಾಲದಲ್ಲಿ ಮೈದಾನ ಕೆಸರಾಗಿ ಕಾಲು ಉಳುಕುವ ಭಯವಿರುವುದರಿಂದ ಆಟ ಕಡಿಮೆ. ಮೋಡದ ಮೃದುವಾದ ಬೆಳಕಿನಲ್ಲಿ ಮುಖಗಳ ಚಿತ್ರ ಚೆನ್ನಾಗಿ ಬರುತ್ತದೆ. ಬೇಸಿಗೆಯಲ್ಲಿ ರೀಲು ತೊಳೆಯುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಶಾಖದ ನೀರು ಬೇಕು, ನಮ್ಮ ತೊಟ್ಟಿಯ ನೀರು ಆಗ ಅದಕ್ಕಿಂತ ಬಹಳ ಬಿಸಿ. ತೆಗೆದ ರೀಲುಗಳನ್ನು ತಂಪಾದ ಕಡೆ ಇಟ್ಟು ಚಳಿಗಾಲದಲ್ಲಿ ಒಟ್ಟಿಗೆ ತೊಳೆಯುತ್ತೇನೆ. ಬಿಸಿಲಲ್ಲಿ ನಿಂತ ಗಾಡಿಯ ಪೆಟ್ಟಿಗೆಯಲ್ಲಿ ರೀಲು ಬಿಟ್ಟರೆ ಕೆಡುತ್ತದೆ.

ವೈದ್ಯನಾಗಿ ಕೆಲವು ಎಚ್ಚರಿಕೆಗಳನ್ನು ಹೇಳದೆ ಬಿಡಲಾಗದು. ರಾಸಾಯನಿಕಗಳನ್ನು ತಿನ್ನುವ ಕುಡಿಯುವ ಪದಾರ್ಥಗಳ ಡಬ್ಬಿ, ಬಾಟಲಿಗಳಲ್ಲಿ ಎಂದಿಗೂ ಇಡಬಾರದು; ಹೆಸರು ಬರೆದು ಬೀಗದೊಳಗೆ ಇಡಬೇಕು. ಡೆವಲಪರಿನಲ್ಲಿರುವ ಮೆಟಾಲ್ ಕೆಲವರ ಚರ್ಮಕ್ಕೆ ಕಜ್ಜಿ ತರುತ್ತದೆ, ಕೈಗವಸು ಅವಶ್ಯಕ. ಗಾಳಿಯಾಡುವ ಕಡೆ ಕೆಲಸ ಮಾಡಬೇಕು. ಗರ್ಭಿಣಿಯರೂ ಎದೆಹಾಲುಣಿಸುವವರೂ ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು. ಮಗು ಕುಡಿದೇ ಬಿಟ್ಟರೆ ವಾಂತಿ ಮಾಡಿಸಲು ಯತ್ನಿಸಕೂಡದು. ಬಾಯಿಯನ್ನು ನೀರಿನಿಂದ ಒರೆಸಿ, ಆ ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು, 108ಕ್ಕೆ ಕರೆಮಾಡಿ ಕೂಡಲೇ ಆಸ್ಪತ್ರೆಗೆ ಬರಬೇಕು.

ಹಾಕಿ ಚೆಂಡು ಸುಮಾರು 160 ಗ್ರಾಂ ತೂಕದ ಗಟ್ಟಿ ವಸ್ತು. ಕಾಲಿನ ಮುಂಭಾಗಕ್ಕೆ ಕವಚ, ಹಲ್ಲಿಗೆ ರಬ್ಬರಿನ ಕಾಪು ಇಲ್ಲದೆ ಆಡಬಾರದು. ಹೊಸಬರು ಟೆನಿಸ್ ಚೆಂಡಿನಿಂದ ಆರಂಭಿಸಲಿ. ಬಲಿತ ಹಲ್ಲು ಬುಡಸಹಿತ ಬಿದ್ದರೆ ಬೇರನ್ನು ಉಜ್ಜದೆ ಹಾಲಿನಲ್ಲಿಟ್ಟು ಒಂದು ತಾಸಿನೊಳಗೆ ದಂತವೈದ್ಯರನ್ನು ಕಾಣಬೇಕು. ಮರಳಿ ಕೂರುವ ಸಂಭವವಿದೆ. ವರ್ಷಗಟ್ಟಲೆ ಓಡದೆ ಇದ್ದು ನಲವತ್ತರ ಸಮೀಪ ಬಂದವರು ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಂಡು ಮೈದಾನಕ್ಕೆ ಇಳಿಯಲಿ. ಆಡುವಾಗ ಎದೆ ಬಿಗಿದರೆ ಅಲ್ಲಿಗೇ ನಿಲ್ಲಿಸಬೇಕು. ‘ಗ್ಯಾಸು’ ಎಂದು ಸೋಡಾ ಕುಡಿದು ಕೂರಬಾರದು. ಗರ್ಭಿಣಿಯರಿಗೆ ಹೊಟ್ಟೆಗೆ ಪೆಟ್ಟಾಗುವ ಈ ಆಟ ಸಲ್ಲದು, ನಡಿಗೆ ಸಲ್ಲುತ್ತದೆ. ಹೆರಿಗೆಯ ನಂತರ ಕನಿಷ್ಠ 3 ತಿಂಗಳು ಕಳೆದು, ವೈದ್ಯರನ್ನು ಕೇಳಿ, ಓಟವನ್ನು ಮೆಲ್ಲಗೆ ಆರಂಭಿಸಬಹುದು. ಮಕ್ಕಳನ್ನು ಮೈದಾನಕ್ಕೆ ಕರೆತಂದರೆ ಗೋಲಿನ ಹಿಂದೆ ಕೂರಿಸಬಾರದು. ಚಿತ್ರ ತೆಗೆಯುವವರಿಗೂ ಆ ಜಾಗದ ಮೇಲೆಯೇ ಆಸೆ. ಅವರಿಗೂ ಇದೇ ಮಾತು.

ಮೋರಖಂಡಿಯ ಆ ಹಿರಿಯರನ್ನು ಬಳಿಕ ಮತ್ತೆ ಕಂಡೆ. ಅಂದು ಗಾಡಿಗೆ ಒಂದೇ ಚೀಲವಿತ್ತು. ಅವರು ಅದನ್ನು ನೋಡಿದರು, ಏನೂ ಕೇಳಲಿಲ್ಲ. ರಕ್ತದೊತ್ತಡ ನೋಡಿರೆಂದು ತೋಳು ಚಾಚಿದರು.

ಇದನ್ನು ಬರೆಯುತ್ತಿರುವುದು ನಾಲ್ಕನೆಯ ಭಾನುವಾರದ ಮಧ್ಯಾಹ್ನ. ಈ ತಿಂಗಳ ರೀಲಿನಲ್ಲಿ ಇನ್ನೂ 9 ಚಿತ್ರಗಳು ಉಳಿದಿವೆ, ಕ್ಯಾಮೆರಾ ಬೀರುವಿನಲ್ಲಿದೆ. ಮಗಳು ಗಿಡ್ಡ ಕೋಲೊಂದನ್ನು ಹಿಡಿದು ಅಂಗಳದಲ್ಲಿ ನಿಂಬೆಹಣ್ಣು ಹೊಡೆಯುತ್ತಿದ್ದಾಳೆ, ಸದ್ದು ಮಾಡಬೇಡವೆಂದು ಎರಡು ಸಲ ಹೇಳಿದ್ದಾಗಿದೆ. ಒಳಗೆ ಅವರ ತಾಯಿ ನಿದ್ರಿಸುತ್ತಿದ್ದಾರೆ. ಮೂರೂವರೆಗೆ ಚಹಕ್ಕೆ ನೀರಿಡಬೇಕು.