ಖುಮ್‌ಜುಂಗ್ ಗ್ರಾಮದ ಶಾಲೆ

ನೇಪಾಳದಲ್ಲಿ, ಎವರೆಸ್ಟ್ ಶಿಖರದ ದಾರಿಯಲ್ಲಿ, ಖುಮ್‌ಜುಂಗ್ ಎಂಬ ಶೆರ್ಪಾ ಗ್ರಾಮವಿದೆ. ಸಮುದ್ರಮಟ್ಟದಿಂದ ಸುಮಾರು 3,790 ಮೀಟರು ಎತ್ತರದ ಈ ಊರಿಗೆ ಮೋಟಾರು ರಸ್ತೆಯಿಲ್ಲ. ಆಲೂಗಡ್ಡೆ ಬೆಳೆದು, ಯಾಕ್ ಸಾಕಿ, ಪರ್ವತಾರೋಹಿಗಳ ಹೊರೆ ಹೊತ್ತು ಜೀವಿಸುತ್ತಿದ್ದ ಅಲ್ಲಿನ ಜನರಿಗೆ 1961ರವರೆಗೆ ಶಾಲೆಯೆಂಬುದೇ ಇರಲಿಲ್ಲ.

1953ರ ಮೇ 29ರಂದು ತೇನ್‌ಸಿಂಗ್ ನೋರ್ಗೆಯವರೊಡನೆ ಎವರೆಸ್ಟನ್ನೇರಿದ ಎಡ್ಮಂಡ್ ಹಿಲರಿಯವರ ಹೆಸರನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅವರು ಬಾಲ್ಯದಲ್ಲಿ ದಿನವೂ ರೈಲಿನಲ್ಲಿ ಬಹುದೂರ ಪ್ರಯಾಣಮಾಡಿ ಆಕ್ಲೆಂಡಿನ ಪ್ರೌಢಶಾಲೆಯಲ್ಲಿ ಓದಿದವರೆಂಬುದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಮತ್ತೊಮ್ಮೆ ಆ ಪ್ರದೇಶಕ್ಕೆ ಬಂದಿದ್ದಾಗ, ಶೆರ್ಪಾಗಳಿಗಾಗಿ ತಾವೇನು ಮಾಡಬಹುದೆಂದು ಅವರು ವಿಚಾರಿಸಿದರು. ಉರ್ಕಿಯೆನ್ ಎಂಬ ಹಿರಿಯನು ಹಣವನ್ನಾಗಲಿ ಬಟ್ಟೆಯನ್ನಾಗಲಿ ಬೇಡಲಿಲ್ಲ. ತಮ್ಮ ಮಕ್ಕಳು ಕಣ್ಣಿದ್ದೂ ಕಾಣಲಾರದವರಾಗಿದ್ದಾರೆ, ಅವರಿಗೊಂದು ಶಾಲೆ ಬೇಕು ಎಂದನು. ಕೊಟ್ಟವರ ಹೆಸರು ಲೋಕಪ್ರಸಿದ್ಧವಾಯಿತು, ನಿಜ. ಕೇಳಿದವನ ಹೆಸರೂ ಅಷ್ಟೇ ಸ್ಮರಣೀಯವೆಂದು ನಾವು ಭಾವಿಸುತ್ತೇವೆ.

1961ರಲ್ಲಿ ಎರಡು ಕೊಠಡಿಗಳ ಶಾಲೆ ಎದ್ದಿತು. ಅಂತಹ ಎತ್ತರದಲ್ಲಿ ಕಟ್ಟಡದ ಸಾಮಗ್ರಿಯನ್ನು ಒದಗಿಸುವುದು ಸುಲಭವಲ್ಲ. ಬಿಡಿಬಿಡಿಯಾಗಿ ಸಿದ್ಧಪಡಿಸಿ ಜೋಡಿಸತಕ್ಕ ಅಲ್ಯೂಮಿನಿಯಂ ಮನೆಯನ್ನು ನಮ್ಮ ದೇಶದ ಇಂಡಿಯನ್ ಅಲ್ಯೂಮಿನಿಯಂ ಕಂಪನಿಯು ದಾನವಾಗಿ ಕೊಟ್ಟಿತು. ಪಾಠ ಹೇಳಲು ಡಾರ್ಜಿಲಿಂಗಿನಿಂದ ಶೆರ್ಪಾ ಉಪಾಧ್ಯಾಯರೊಬ್ಬರು ಬಂದರು. ಇದು ಸಣ್ಣ ಸಂಗತಿಯಲ್ಲ. ಮನೆಯಲ್ಲಿ ಟಿಬೆಟನ್ ಭಾಷೆಗೆ ಹತ್ತಿರದ ಶೆರ್ಪಾ ನುಡಿಯನ್ನಾಡುವ ಮಕ್ಕಳು ಶಾಲೆಯಲ್ಲಿ ನೇಪಾಳಿಯನ್ನೂ ಇಂಗ್ಲಿಷನ್ನೂ ಕಲಿಯಬೇಕಾಗಿತ್ತು. ಅವರ ಅಳುಕನ್ನು ಅವರ ಮಾತಿನಲ್ಲೇ ಕೇಳಬಲ್ಲ ಗುರುವಿದ್ದರೆ ಎಷ್ಟು ಧೈರ್ಯವೆಂಬುದನ್ನು ಗಡಿನಾಡಿನ ತಂದೆತಾಯಿಗಳಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಈ ಶಾಲೆಯನ್ನು ಕಂಡ ನೆರೆಯ ಊರುಗಳವರು ಹಿಲರಿಯವರಿಗೆ ಅರ್ಜಿ ಬರೆದುಕೊಂಡರು. 1963ರಲ್ಲಿ ಪಾಂಗ್‌ಬೋಚೆ ಮತ್ತು ಥಾಮೆ ಗ್ರಾಮಗಳಲ್ಲಿಯೂ ಶಾಲೆಗಳಾದವು.

ಖುಮ್‌ಜುಂಗ್ ಶಾಲೆಯ ಮೊದಲ ವಿದ್ಯಾರ್ಥಿಗಳಲ್ಲೊಬ್ಬರಾದ ಮಿಂಗ್ಮಾ ನೋರ್ಬು ಶೆರ್ಪಾ ಮುಂದೆ ನ್ಯೂಜಿಲೆಂಡಿನಲ್ಲಿ ವ್ಯಾಸಂಗಮಾಡಿ, 1976ರಲ್ಲಿ ಸ್ಥಾಪಿತವಾದ ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ಮುಖ್ಯಾಧಿಕಾರಿಯಾದರು. ತಾವು ಹುಟ್ಟಿಬೆಳೆದ ಕಾಡುಬೆಟ್ಟಗಳ ರಕ್ಷಣೆಯೇ ಅವರ ಉದ್ಯೋಗವಾಯಿತು. 2006ರಲ್ಲಿ ಹೆಲಿಕಾಪ್ಟರ್ ದುರಂತದಲ್ಲಿ ಅವರು ತೀರಿಕೊಂಡರು. ಹಿಲರಿಯವರು ನಿಧನರಾದದ್ದು 2008ರಲ್ಲಿ.

ಎರಡು ಕೊಠಡಿಗಳ ಶಾಲೆ ಈಗ ಪ್ರೌಢಶಾಲೆಯಾಗಿ ಬೆಳೆದಿದೆ. 2015ರ ಭೂಕಂಪದಲ್ಲಿ ಅದರ ಕಟ್ಟಡಗಳಿಗೆ ಹಾನಿ ತಟ್ಟಿತು. ಕೊಠಡಿಗಳನ್ನು ಮತ್ತೆ ಕಟ್ಟಲಾಯಿತು. ಅಂಗಳದಲ್ಲಿ ಹಿಲರಿಯವರ ಪ್ರತಿಮೆಯಿದೆ. ಅದೇ ಅಂಗಳದಲ್ಲಿ ಇಂದಿಗೂ ಮಕ್ಕಳು ಆಡುತ್ತಾರೆ, ಓದುತ್ತಾರೆ.